ಟಿಕೆಟ್ ಉಚಿತ, ಬಸ್ಸು ಯಾರದು?

ಬೆಳಿಗ್ಗೆ ಸಂವಿಧಾನದ ಪೀಠಿಕೆಯಲ್ಲಿ ‘ಸಮಾಜವಾದಿ’ ಎಂದು ಓದಿದ ಮಕ್ಕಳು ಮಧ್ಯಾಹ್ನ ಕೇಳುತ್ತಾರೆ: ಗೃಹಲಕ್ಷ್ಮಿ ಸಮಾಜವಾದವೇ? ಈಚಲು ಮರ ಕಡಿದು ಸರ್ಕಾರದ ವರಮಾನಕ್ಕೇ ಕೊಡಲಿ ಹಾಕಿದ್ದ ತುರುವನೂರು ಸೀಮೆಯಲ್ಲಿ ಈ ಪ್ರಶ್ನೆಗೆ ಗೈಡುಗಳಲ್ಲಿ ಸಿಗದ ಉತ್ತರಗಳಿವೆ.

ಬಿಸಿಯೂಟ ಮುಗಿದು ತಟ್ಟೆ ತೊಳೆದ ಕೈಗಳು ಇನ್ನೂ ಆರಿಲ್ಲ. ಚಿತ್ರದುರ್ಗ ಜಿಲ್ಲೆಯ ತುರುವನೂರು ಹೋಬಳಿಯ ಒಂದು ಪ್ರೌಢಶಾಲೆ, ಹತ್ತನೇ ತರಗತಿ. ನವೆಂಬರ್ 26ರ ಸಂವಿಧಾನ ದಿನ ಹತ್ತಿರ ಬಂದಿದೆ ಎಂದು ಸಮಾಜ ವಿಜ್ಞಾನದ ಮೇಷ್ಟ್ರು ಚರ್ಚೆ ಇಟ್ಟಿದ್ದಾರೆ. ಬೋರ್ಡಿನ ಮೇಲೆ ಒಂದೇ ಸಾಲು: ‘ಗ್ಯಾರಂಟಿ ಯೋಜನೆಗಳು ಸಮಾಜವಾದವೇ?’

ಎಡಗಡೆ ಬೆಂಚಿನವರು ಪರ, ಬಲಗಡೆಯವರು ವಿರೋಧ. ಮೇಷ್ಟ್ರು ಬೇಕೆಂದೇ ಹಾಗೆ ಕೂರಿಸಿದರೋ, ಬೆಂಚುಗಳಿದ್ದದ್ದೇ ಹಾಗೋ ಗೊತ್ತಾಗಲಿಲ್ಲ.

‘ಸಾ, ದುಡ್ಡಿರೋರ ಹತ್ರ ತೆರಿಗೆ ಇಸ್ಕೊಂಡು ಇಲ್ದೋರಿಗೆ ಕೊಡ್ತಾರಲ್ಲ, ಅದೇ ಸಮಾಜವಾದ’ ಎಂದು ಎಡಗಡೆಯ ಹುಡುಗ ಶುರು ಮಾಡಿದ.

ಬಲಗಡೆಯಿಂದ ಒಬ್ಬ ಹುಡುಗಿ ಎದ್ದಳು. ‘ನಮ್ಮವ್ವ ಒಂದು ಸೋಪು ತಂದ್ರೂ ತೆರಿಗೆ ಕಟ್ತಾಳೆ ಸಾ. ಅವಳು ಯಾವ ದುಡ್ಡಿರೋಳು?’

ಹಿಂದಿನ ಬೆಂಚಿನಿಂದ ಯಾರೋ, ಎದ್ದೂ ನಿಲ್ಲದೆ, ‘ನಮ್ಮಪ್ಪನ ಜೇಬಿಂದ ತಗೊಂಡು ನಮ್ಮವ್ವನ ಅಕೌಂಟಿಗೆ ಹಾಕ್ತಾರೆ, ಅಷ್ಟೇ’ ಅಂದ. ತರಗತಿ ಹೋ ಎಂದಿತು. ಅಪ್ಪಂದಿರ ಜೇಬು ಸಂಜೆ ಎಲ್ಲಿ ಖಾಲಿಯಾಗುತ್ತದೆ ಎಂಬುದು ಅಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಬಂದದ್ದು ಮೇಷ್ಟ್ರನ್ನೇ ನಿಲ್ಲಿಸಿದ ಪ್ರಶ್ನೆ. ‘ಸರ್ಕಾರ ಜನಕ್ಕೆ ಮಾಡಿದ್ದೆಲ್ಲ ಸಮಾಜವಾದ ಅನ್ನೋದಾದ್ರೆ ಮಾರಿಕಣಿವೆ ಡ್ಯಾಮು? ಅದನ್ನ ಕಟ್ಟಿಸಿದ ಮಹಾರಾಣಿನೂ ಸಮಾಜವಾದಿನಾ ಸಾ?’

ಪ್ರಶ್ನೆ ತಮಾಷೆಯದಲ್ಲ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಅಣೆಕಟ್ಟು ಏಳತೊಡಗಿದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಕೆಲಸ ಶುರುವಾದಾಗ ರಾಜಪ್ರತಿನಿಧಿಯಾಗಿದ್ದವರು ವಾಣಿವಿಲಾಸ ಸನ್ನಿಧಾನ. ಹಣ ಸಂಸ್ಥಾನದ್ದು, ನೀರು ರೈತರಿಗೆ. ಲೆನಿನ್ ಕ್ರಾಂತಿಗೆ ಇನ್ನೂ ಹತ್ತು ವರ್ಷ ಬಾಕಿ ಇತ್ತು. ಅರಮನೆಯಲ್ಲಿ ಯಾರೂ ಸಮಾಜವಾದದ ಮಾತು ಆಡಿರಲಾರರು.

ಈ ಚರ್ಚೆ ಮಕ್ಕಳ ಬಾಯಿಗೆ ಬಂದದ್ದಕ್ಕೆ ಕಾರಣ ಸರಳ. ಶಾಲೆಗಳಲ್ಲಿ ದಿನವೂ ಸಂವಿಧಾನದ ಪೀಠಿಕೆ ಓದಿಸಬೇಕೆಂದು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದದ್ದೂ ಅದೇ ತಿಂಗಳ 11ರಂದು. ಬೆಳಿಗ್ಗೆ ‘ಸಮಾಜವಾದಿ’ ಎಂದು ಓದಿದ ಮಗು, ಅವ್ವ ದುಡ್ಡು ಕೊಡದೆ ಸಂತೆಗೆ ಹೋಗಿಬಂದದ್ದನ್ನು ಕಂಡರೆ ಎರಡನ್ನೂ ಒಂದಕ್ಕೊಂದು ಕೂಡಿಸದೆ ಇದ್ದೀತೆ?

ಈಚಲು ಮರದ ಲೆಕ್ಕ

ಖಜಾನೆಗೆ ಹಣ ಎಲ್ಲಿಂದ ಬರುತ್ತದೆ ಎಂಬ ಮಾತು ತುರುವನೂರಿಗೆ ಹೊಸತಲ್ಲ. 1939ರಲ್ಲಿ ಈ ಊರು ಮೈಸೂರು ಸಂಸ್ಥಾನಕ್ಕೆಲ್ಲ ಗೊತ್ತಾದದ್ದೇ ಆ ಲೆಕ್ಕವನ್ನು ಹಿಡಿದು ಅಲುಗಿಸಿದ್ದಕ್ಕೆ. ಈಚಲು ಮರದಿಂದ ಹೆಂಡ, ಹೆಂಡದಿಂದ ಅಬಕಾರಿ ವರಮಾನ, ಆ ವರಮಾನದಿಂದ ಸರ್ಕಾರದ ಬಂಡಿ. ಕಾಂಗ್ರೆಸ್ಸಿನವರು ಭಾಷಣ ಮಾಡಿ ಸುಮ್ಮನಾಗಲಿಲ್ಲ. ಕೊಡಲಿ ಹಿಡಿದು ಈಚಲು ಮರಗಳ ಬುಡಕ್ಕೇ ಬಂದರು.

ಇತಿಹಾಸದ ಪುಸ್ತಕಗಳಲ್ಲಿ ಅದು ‘ತುರುವನೂರು ಅರಣ್ಯ ಸತ್ಯಾಗ್ರಹ’. ಮುಂದೆ ನಿಂತವರು ಚಿತ್ರದುರ್ಗದಲ್ಲಿ ವಕೀಲಿಕೆ ಮಾಡುತ್ತಿದ್ದ ಎಸ್. ನಿಜಲಿಂಗಪ್ಪ. ಮರ ಉರುಳಿದವು, ಅವರು ಜೈಲು ಸೇರಿದರು.

ಆ ಸತ್ಯಾಗ್ರಹದ ಹಿಂದಿನ ಲೆಕ್ಕ ಸ್ಪಷ್ಟವಾಗಿತ್ತು: ಜನರನ್ನು ಕುಡಿಸಿ ಬಂದ ಹಣದಿಂದ ಜನರ ಹಿತ ಮಾಡುವುದು ಬೇಡ. ಸ್ವಾತಂತ್ರ್ಯ ಬಂದ ಮೇಲೆ ಪಾನನಿರೋಧ ಸಂವಿಧಾನದ 47ನೇ ವಿಧಿಯಲ್ಲೂ ಸ್ಥಾನ ಪಡೆಯಿತು.

ಇನ್ನು ಇಂದಿನ ಲೆಕ್ಕ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ವರಮಾನದ ಗುರಿ 40,000 ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ ಇಟ್ಟ ಹಣ 51,034 ಕೋಟಿ. ಹೆಂಡದ ಹಣವೇ ನೇರವಾಗಿ ಗೃಹಲಕ್ಷ್ಮಿಗೆ ಹೋಗುತ್ತದೆ ಎಂದಲ್ಲ. ಖಜಾನೆಗೆ ಬಿದ್ದ ಮೇಲೆ ಯಾವ ರೂಪಾಯಿ ಎಲ್ಲಿಂದ ಬಂತೆಂದು ಗುರುತಿಸಲಾಗದು. ಆದರೂ ಹಿಂದಿನ ಬೆಂಚಿನವನು ಎದ್ದು ನಿಲ್ಲದೆ ಹೇಳಿದ ಮಾತು ಅಂಕಿಗಳಿಂದ ಬಹಳ ದೂರವಿಲ್ಲ.

ಇದರಿಂದ ಒಂದು ಮಾತು ತಿಳಿಯುತ್ತದೆ. ಸಿರಿವಂತರಿಂದ ಪಡೆದು ಬಡವರಿಗೆ ಹಂಚುವುದೇ ಸಮಾಜವಾದ ಎಂಬ ಎಡಗಡೆ ಬೆಂಚಿನ ವಾದಕ್ಕೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ಅಬಕಾರಿಯಂಥ ತೆರಿಗೆಯ ಭಾರ ಕೂಲಿಯವನ ಮೇಲೆ ಎಷ್ಟು ಬೀಳುತ್ತದೆ ಎಂದು ನೋಡದೆ ಹಂಚಿಕೆಯನ್ನಷ್ಟೇ ಹೊಗಳಿದರೆ ಲೆಕ್ಕ ಅರ್ಧವಾಯಿತು.

【ರೂಪಾಯಿಗೆ ಎರಡಾಣೆ】
*2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಗ್ಯಾರಂಟಿಗಳ ಪಾಲು ಸುಮಾರು ಶೇ 12.5. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ರೂಪಾಯಿಗೆ ಎರಡಾಣೆ.*
*ಗೃಹಲಕ್ಷ್ಮಿ: ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರ ಮನೆಗೆ ಇಲ್ಲ.*
*ಶಕ್ತಿ: ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ. ಬಡವಿ, ಸಿರಿವಂತೆ ಎಂಬ ಭೇದವಿಲ್ಲ.*
*ಗೃಹಜ್ಯೋತಿ: ಮನೆಗಳಿಗೆ ಉಚಿತ ವಿದ್ಯುತ್, ಗರಿಷ್ಠ 200 ಯೂನಿಟ್‌ವರೆಗೆ.*
*ಯುವನಿಧಿ: ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ.*

ದುರ್ಗದ ವಕೀಲರು, ಲಾಲ್‌ಬಾಗಿನ ಜಗಳ

ತುರುವನೂರಿನಲ್ಲಿ ಮರ ಕಡಿಸಿದವರೇ ಮೂವತ್ತು ವರ್ಷಗಳ ಮೇಲೆ ಸಮಾಜವಾದದ ಬಗ್ಗೆ ದೇಶದಲ್ಲಿ ನಡೆದ ಅತಿ ದೊಡ್ಡ ಜಗಳದ ನಡುವೆ ಸಿಕ್ಕಿಬಿದ್ದರು. ಕಥೆಗಾರನೊಬ್ಬ ಕಟ್ಟಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

1969ರ ಜುಲೈ. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಪಕ್ಷದ ಅಧ್ಯಕ್ಷರು ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಅಲ್ಲಿಗೆ ತಮ್ಮ ಆರ್ಥಿಕ ಚಿಂತನೆಗಳ ಟಿಪ್ಪಣಿಯೊಂದನ್ನು ಕಳಿಸಿದರು. ಬ್ಯಾಂಕುಗಳ ಮಾತು ಮುಂದೆ ಬಂತು. ಕೆಲವೇ ದಿನ, ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. ಜುಲೈ 19ರಂದು 14 ಬ್ಯಾಂಕುಗಳು ಸರ್ಕಾರದ್ದಾದವು. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಎರಡೂ ಆ ಪಟ್ಟಿಯಲ್ಲಿದ್ದವು. ನವೆಂಬರ್ 12ರಂದು ಪಕ್ಷ ಇಂದಿರಾ ಅವರನ್ನೇ ಹೊರಹಾಕಿತು. ಕಾಂಗ್ರೆಸ್ ಸೀಳಿತು.

ಅಂದಿನಿಂದ ನಿಜಲಿಂಗಪ್ಪನವರಿಗೆ ಒಂದು ಹಣೆಪಟ್ಟಿ ಅಂಟಿತು: ಸಿಂಡಿಕೇಟಿನವರು (ಬ್ಯಾಂಕಲ್ಲ, ಇಂದಿರಾ ಅವರನ್ನು ಎದುರಿಸಿದ ಕಾಂಗ್ರೆಸ್ ಹಿರಿಯರ ಗುಂಪು), ಬಲಪಂಥದವರು, ಸಮಾಜವಾದದ ವಿರೋಧಿ.

ಇದೇ ನಿಜಲಿಂಗಪ್ಪನವರು 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮುಖ್ಯಮಂತ್ರಿಯಾದ ತಿಂಗಳೊಳಗೇ ಕೋಲಾರದ ಚಿನ್ನದ ಗಣಿಗಳು ಕಂಪನಿಗಳ ಕೈಯಿಂದ ರಾಜ್ಯ ಸರ್ಕಾರದ ಕೈಗೆ ಬಂದಿದ್ದವು. ಸಿದ್ಧತೆ ಮೊದಲೇ ನಡೆದಿತ್ತು, ನಿಜ. ಆದರೆ ಚಿನ್ನದ ಗಣಿಯನ್ನೇ ರಾಷ್ಟ್ರೀಕರಣ ಮಾಡಿದ ಸರ್ಕಾರದ ಮುಖ್ಯಸ್ಥರನ್ನು ಸಮಾಜವಾದದ ಶತ್ರು ಎನ್ನುವಾಗ ಒಂದು ಗಳಿಗೆ ಯೋಚಿಸಬೇಕಿತ್ತು. ನನ್ನ ಮಟ್ಟಿಗೆ 1969ರ ಜಗಳದಲ್ಲಿ ಸಿದ್ಧಾಂತಕ್ಕಿಂತ ಕುರ್ಚಿಯ ಪಾಲೇ ಹೆಚ್ಚು. ಸಮಾಜವಾದ ಎಂಬುದು ಎದುರಾಳಿಯನ್ನು ಜನರ ಮುಂದೆ ಸಣ್ಣವನನ್ನಾಗಿ ಮಾಡಲು ಸಿಕ್ಕ ಮಾತಾಗಿತ್ತು. ಇಂದು ‘ಬಿಟ್ಟಿ ಭಾಗ್ಯ’ ಎಂಬ ಮಾತು ಅದೇ ಕೆಲಸವನ್ನು ಇನ್ನೊಂದು ದಿಕ್ಕಿನಿಂದ ಮಾಡುತ್ತಿದೆ.

ಆ ಜಗಳದಲ್ಲಿ ಒಂದು ವಿಷಯವಂತೂ ಗೊಂದಲವಿಲ್ಲದೆ ಇತ್ತು. ಎರಡೂ ಕಡೆಯವರು ಮಾತಾಡುತ್ತಿದ್ದದ್ದು ಬ್ಯಾಂಕು ಯಾರ ಸ್ವತ್ತು ಎಂಬುದರ ಬಗ್ಗೆ. ಬ್ಯಾಂಕಿನಿಂದ ಯಾರ ಖಾತೆಗೆ ಎಷ್ಟು ಹಾಕಬೇಕು ಎಂಬುದರ ಬಗ್ಗೆ ಅಲ್ಲ.

1976ರ ಬಸ್ಸು, 2023ರ ಬಸ್ಸು

ತರಗತಿಯ ಮಕ್ಕಳಿಗೆ ಹೇಳಬೇಕಾದ ಕಥೆ ಇಲ್ಲಿದೆ. ಯಾವ ಪಠ್ಯಪುಸ್ತಕದಲ್ಲೂ ನಾನು ಕಂಡಿಲ್ಲ.

1976ರಲ್ಲಿ, ದೇವರಾಜ ಅರಸು ಅವರ ಸರ್ಕಾರ ಕಾಂಟ್ರ್ಯಾಕ್ಟ್ ಕ್ಯಾರೇಜ್ ಸ್ವಾಧೀನ ಕಾಯ್ದೆ ತಂದಿತು. ಗುತ್ತಿಗೆಯ ಮೇಲೆ ಓಡುತ್ತಿದ್ದ ಖಾಸಗಿ ಬಸ್ಸುಗಳನ್ನು ಪರಿಹಾರ ಕೊಟ್ಟು ವಶಕ್ಕೆ ಪಡೆದು ರಾಜ್ಯ ರಸ್ತೆ ಸಾರಿಗೆ ನಿಗಮಕ್ಕೆ ಒಪ್ಪಿಸುವುದು ಅದರ ಉದ್ದೇಶ. ಮಾಲೀಕರು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು. 1977ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಕರ್ನಾಟಕ ಸರ್ಕಾರ ಮತ್ತು ರಂಗನಾಥ ರೆಡ್ಡಿ ಪ್ರಕರಣ ಎಂದರೆ ವಕೀಲರಿಗೆಲ್ಲ ಗೊತ್ತು. ಅದರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಬರೆಯುತ್ತ ಇನ್ನೂ ಮುಂದೆ ಹೋದರು: ಸಮುದಾಯದ ಒಳಿತಿಗೆ ಹಂಚಬೇಕಾದ ಸಂಪನ್ಮೂಲಗಳಲ್ಲಿ ಖಾಸಗಿಯವರ ಒಡೆತನದಲ್ಲಿರುವುದೂ ಸೇರುತ್ತದೆ ಎಂಬುದು ಅವರ ನಿಲುವು.

ಕರ್ನಾಟಕದ ಬಸ್ಸುಗಳ ಮೇಲೆ ಹುಟ್ಟಿದ ಈ ವಾದ ನಲವತ್ತೇಳು ವರ್ಷ ದೇಶದ ಕಾನೂನಿನಲ್ಲಿ ಓಡಾಡಿತು. 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅದನ್ನು ಬದಿಗಿಟ್ಟಿತು. ಖಾಸಗಿ ಸ್ವತ್ತೆಲ್ಲವೂ ಸಮುದಾಯದ ಸಂಪನ್ಮೂಲವಾಗದು ಎಂದಿತು.

ಈಗ ಶಕ್ತಿ ಯೋಜನೆಯನ್ನು ಪಕ್ಕದಲ್ಲಿಟ್ಟು ನೋಡಿ. 2023ರಲ್ಲಿ ಸರ್ಕಾರ ಯಾರ ಬಸ್ಸನ್ನೂ ತೆಗೆದುಕೊಳ್ಳಲಿಲ್ಲ. ಕಂಡಕ್ಟರ್ ಆಧಾರ್ ನೋಡಿ ಶೂನ್ಯ ಮೊತ್ತದ ಟಿಕೆಟ್ ಹರಿದುಕೊಡುತ್ತಾನೆ. ಆ ಟಿಕೆಟ್ಟುಗಳ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುತ್ತದೆ. ಒಡೆತನ ಇದ್ದಲ್ಲೇ ಇದೆ. ಪ್ರಯಾಣಿಕಳ ಬದಲು ಸರ್ಕಾರ ದುಡ್ಡು ಕೊಟ್ಟಿತು, ಅಷ್ಟೇ.

1976ರದ್ದು ಬಸ್ಸಿನ ಪ್ರಶ್ನೆ. 2023ರದ್ದು ಟಿಕೆಟ್ಟಿನ ಪ್ರಶ್ನೆ. ಮೊದಲನೆಯದನ್ನು ಸಮಾಜವಾದ ಎನ್ನಬಹುದು, ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಮಾತು. ಎರಡನೆಯದು ಕಲ್ಯಾಣ ಕಾರ್ಯಕ್ರಮ.

ಭೂಮಿಯ ಕಥೆಯೂ ಹೀಗೆಯೇ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ತಕರಾರು ಸತ್ಯಾಗ್ರಹವಾಗಿ ಬೆಳೆದಾಗ ಶಾಂತವೇರಿ ಗೋಪಾಲಗೌಡರು ರೈತರ ಜೊತೆಗಿದ್ದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸಮಾಜವಾದಿ ಎಂದು ಎದೆತಟ್ಟಿ ಹೇಳಿಕೊಂಡ ಆ ಜನ ಅಲ್ಲಿ ಅಕ್ಕಿ ಕೇಳಲಿಲ್ಲ. ಅಕ್ಕಿ ಬೆಳೆಯುವ ಹೊಲದ ಮೇಲೆ ಹಕ್ಕು ಕೇಳಿದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಆ ಹಕ್ಕನ್ನು ಕಾಗದದ ಮೇಲೆ ಇಳಿಸಿತು. ಗೇಣಿದಾರ ಒಡೆಯನಾದ. ಹೊಲ ಸರ್ಕಾರದ್ದಾಗಿ ಉಳಿಯದೆ ಉಳುವವನ ಖಾಸಗಿ ಸ್ವತ್ತಾಯಿತು ಎಂಬುದನ್ನು ಕಟ್ಟಾ ಮಾರ್ಕ್ಸ್‌ವಾದಿಗಳು ಒಪ್ಪಲಿಕ್ಕಿಲ್ಲ. ಅದಿರಲಿ.

ಸಮಾಜವಾದ ತಡೆಯಲು ಹುಟ್ಟಿದ ಪಿಂಚಣಿ

‘ಹಾಗಾದರೆ ಈ ಕಲ್ಯಾಣ ಕಾರ್ಯಕ್ರಮ ಶುರು ಮಾಡಿದ್ದು ಯಾರು?’ ಎಂದು ಕೇಳಿದರೆ ಉತ್ತರ ಇನ್ನೂ ಸ್ವಾರಸ್ಯ. ಜರ್ಮನಿಯ ಬಿಸ್ಮಾರ್ಕ್. ಸಮಾಜವಾದಿಗಳನ್ನು ಕಂಡರೆ ಆಗದ ಮನುಷ್ಯ. 1878ರಲ್ಲಿ ಅವರ ಸಭೆ, ಪತ್ರಿಕೆಗಳನ್ನು ನಿಷೇಧಿಸುವ ಕಾಯ್ದೆ ತಂದ. ಅದರ ಬೆನ್ನಿಗೇ 1883ರಲ್ಲಿ ಕಾರ್ಮಿಕರಿಗೆ ಕಾಯಿಲೆ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿ. ಹೊಟ್ಟೆ ತುಂಬಿದ ಕಾರ್ಮಿಕ ಕ್ರಾಂತಿಯ ಕಡೆ ಹೋಗುವುದಿಲ್ಲ ಎಂಬುದು ಅವನ ಎಣಿಕೆ.

ಬಡವರ ಕೈಗೆ ನೇರವಾಗಿ ನಗದು ಕೊಡಿ ಎಂದು 1962ರಲ್ಲಿ ಪುಸ್ತಕದಲ್ಲಿ ವಾದಿಸಿದವರು ಮಿಲ್ಟನ್ ಫ್ರೀಡ್‌ಮನ್. ಮುಕ್ತ ಮಾರುಕಟ್ಟೆಯ ದೊಡ್ಡ ವಕೀಲ. ಸರ್ಕಾರ ತಾನೇ ಅಂಗಡಿ ಇಟ್ಟು ಹಂಚುವುದಕ್ಕಿಂತ ಹಣ ಕೊಟ್ಟು ಸುಮ್ಮನಿರುವುದು ಮೇಲು ಎಂಬ ಆ ತರ್ಕದಲ್ಲಿ ನೋಡಿದರೆ ನಮ್ಮ ಗೃಹಲಕ್ಷ್ಮಿ ಮಾರ್ಕ್ಸ್‌ಗಿಂತ ಫ್ರೀಡ್‌ಮನ್‌ಗೆ ಹತ್ತಿರದ ನೆಂಟಳು! ಕಲ್ಯಾಣ ಯೋಜನೆಗಳ ಸ್ವರ್ಗವೆನಿಸಿದ ಡೆನ್ಮಾರ್ಕಿನ ಅಂದಿನ ಪ್ರಧಾನಿ ಲಾರ್ಸ್ ಲೋಕೆ ರಾಸ್ಮುಸೆನ್ 2015ರಲ್ಲಿ ಅಮೆರಿಕಕ್ಕೆ ಹೋಗಿ, ನಮ್ಮದು ಮಾರುಕಟ್ಟೆ ಆರ್ಥಿಕತೆ, ಸಮಾಜವಾದವಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು.

ನಮ್ಮಲ್ಲೂ ಪಕ್ಷ ನೋಡಿ ಹಣೆಪಟ್ಟಿ ಹಚ್ಚುವಂತಿಲ್ಲ. 2022ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಬಿಟ್ಟಿ ಹಂಚುವ ‘ರೇವಡಿ’ ಸಂಸ್ಕೃತಿ ದೇಶಕ್ಕೆ ಅಪಾಯ ಎಂದರು. ಅವರ ಸರ್ಕಾರವೇ 2019ರಿಂದ ರೈತರ ಖಾತೆಗೆ ವರ್ಷಕ್ಕೆ 6,000 ರೂಪಾಯಿ ಹಾಕುತ್ತಿದೆ. 2024ರ ಜನವರಿಯಿಂದ ಐದು ವರ್ಷ 81 ಕೋಟಿಗೂ ಹೆಚ್ಚು ಜನರಿಗೆ ಉಚಿತ ಧಾನ್ಯ ಕೊಡಲು ತೀರ್ಮಾನಿಸಿತು. ಯಡಿಯೂರಪ್ಪನವರ ಭಾಗ್ಯಲಕ್ಷ್ಮಿ ಬಾಂಡು, ಸೈಕಲ್ಲು ಯಾರಿಗೆ ನೆನಪಿಲ್ಲ? ಇವರಲ್ಲಿ ಯಾರನ್ನಾದರೂ ಸಮಾಜವಾದಿ ಎಂದು ಕರೆದರೆ ಅವರೇ ನಕ್ಕಾರು.

【ಪೀಠಿಕೆಗೆ ತಡವಾಗಿ ಬಂದವನು】
*1948ರ ನವೆಂಬರ್ 15ರಂದು ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ‘ಸಮಾಜವಾದಿ’ ಪದ ಸೇರಿಸಲು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಆರ್ಥಿಕ ವ್ಯವಸ್ಥೆ ಹೇಗಿರಬೇಕೆಂಬುದನ್ನು ಆಯಾ ಕಾಲದ ಜನರಿಗೆ ಬಿಡಬೇಕು ಎಂಬುದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು.*
*1955ರಲ್ಲಿ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ ಸಮಾಜವಾದಿ ಮಾದರಿಯ ಸಮಾಜ ತನ್ನ ಗುರಿ ಎಂದಿತು.*
*1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿಯ ಮೂಲಕ ಪದ ಪೀಠಿಕೆಗೆ ಬಂತು.*

ಇನ್ನು ಸುಪ್ರೀಂ ಕೋರ್ಟಿನ ಮಾತು. 2024ರ ನವೆಂಬರ್ 25ರಂದು, ಪೀಠಿಕೆಯಿಂದ ‘ಸಮಾಜವಾದಿ’, ‘ಜಾತ್ಯತೀತ’ ಪದಗಳನ್ನು ತೆಗೆಯಬೇಕೆಂಬ ಅರ್ಜಿಗಳನ್ನು ವಜಾ ಮಾಡುತ್ತ ನ್ಯಾಯಪೀಠ, ಭಾರತದಲ್ಲಿ ಸಮಾಜವಾದವೆಂದರೆ ಕಲ್ಯಾಣ ರಾಜ್ಯ, ಸಮಾನ ಅವಕಾಶ; ಅದರಿಂದ ಖಾಸಗಿ ಉದ್ಯಮಕ್ಕೆ ತಡೆಯಿಲ್ಲ ಎಂಬ ಅರ್ಥದಲ್ಲಿ ಹೇಳಿತು.

ಅಂದರೆ ಕಾನೂನಿನ ಪ್ರಕಾರ ಎಡಗಡೆ ಬೆಂಚಿನವರೇ ಗೆದ್ದರು. ಮೇಷ್ಟ್ರು ಅಂಕ ಕೊಡುವಾಗ ಇದನ್ನು ಮರೆಯಬಾರದು. ಆದರೆ ಕೋರ್ಟಿನ ಅರ್ಥವನ್ನೇ ಹಿಡಿದರೆ ಬಿಸ್ಮಾರ್ಕನೂ ಸಮಾಜವಾದಿ, ಮಾರಿಕಣಿವೆಯ ಮಹಾರಾಣಿಯೂ ಸಮಾಜವಾದಿ, ದೇಶದ ಎಲ್ಲ ಪಕ್ಷಗಳೂ ಸಮಾಜವಾದಿ. ನ್ಯಾಯಾಲಯಕ್ಕೆ ಅಷ್ಟು ಸಾಕು, ಅದರ ಮುಂದಿದ್ದದ್ದು ಪದ ಉಳಿಯಬೇಕೋ ಬೇಡವೋ ಎಂಬ ತಕರಾರು ಮಾತ್ರ. ನಮಗೆ ಸಾಲದು.

ಶಕ್ತಿ ನಿಲ್ಲುವ ಜಾಗ

ಯಾಕೆ ಸಾಲದು ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಇಲ್ಲಿ ಮೊದಲಿನಿಂದಲೂ ಖಾಸಗಿ ಬಸ್ಸುಗಳ ಓಡಾಟ ಹೆಚ್ಚು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹಳ್ಳಿಗಾಡಿನ ದಾರಿಯಲ್ಲಿ ನಿಂತು ನೋಡಿ. ಬಾಗಿಲಲ್ಲಿ ನೇತಾಡುತ್ತ ಊರ ಹೆಸರು ಕೂಗುವ ಕ್ಲೀನರ್ ಹುಡುಗನ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಏನೂ ಸಿಗದು. ಹೆಂಗಸರು ದುಡ್ಡು ಕೊಟ್ಟೇ ಹೋಗಬೇಕು. ಶಕ್ತಿಯ ಶಕ್ತಿ ಸರ್ಕಾರಿ ಬಸ್ಸಿನ ಮೆಟ್ಟಿಲವರೆಗೆ ಮಾತ್ರ. ಖಾಸಗಿ ಬಸ್ಸಿನವರಿಗೂ ಗಿರಾಕಿ ಕಡಿಮೆಯಾದ ಸಂಕಟ. ತಮಗೂ ಯೋಜನೆ ವಿಸ್ತರಿಸಿ ಎಂದು 2023ರ ಸೆಪ್ಟೆಂಬರ್‌ನಲ್ಲಿ ಅವರು ಬೆಂಗಳೂರಿನಲ್ಲಿ ಬಂದ್ ಮಾಡಿದಾಗಲೂ ಕೇಳಿದ್ದರು.

ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಸಾರಿಗೆ ಇಲಾಖೆ ಶುರು ಮಾಡದೆ ಇದ್ದಿದ್ದರೆ, 1961ರಲ್ಲಿ ನಿಗಮ ಆಗದೆ ಇದ್ದಿದ್ದರೆ, 2023ರಲ್ಲಿ ಉಚಿತ ಮಾಡಲು ಟಿಕೆಟ್ಟೇ ಇರುತ್ತಿರಲಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಯೂ ಅಷ್ಟೇ. ರಾಷ್ಟ್ರೀಕರಣದ ಮೇಲೆ ಬ್ಯಾಂಕುಗಳು ಹಳ್ಳಿಗಳ ಕಡೆ ಶಾಖೆ ತೆರೆದವು; ಎಷ್ಟೋ ಅವ್ವಂದಿರ ದುಡ್ಡು ಇಂದು ಬೀಳುವುದು ಆ ಬ್ಯಾಂಕುಗಳ ಖಾತೆಗೇ. ಲಾಲ್‌ಬಾಗಿನ ಜಗಳ ಆ ಪಾಸ್‌ಬುಕ್ಕಿನೊಳಗೂ ಇದೆ.

ಆದ್ದರಿಂದ ನನ್ನ ತೀರ್ಪು ಹೀಗೆ. ಗ್ಯಾರಂಟಿಗಳು ಸಮಾಜವಾದವಲ್ಲ. ಹಾಗೆಂದು ಹೊಗಳುವುದೂ ಬೇಡ, ಹಾಗೆಂದು ಬೈಯುವುದೂ ಬೇಡ. ಆದರೆ ಹಿಂದೆ ಯಾರೋ ಸಾರ್ವಜನಿಕರ ಹೆಸರಿಗೆ ಮಾಡಿಟ್ಟ ಸ್ವತ್ತಿನ ಮೇಲೆ ಅವು ನಿಂತಿವೆ. ಆ ಸ್ವತ್ತು ಸವೆಯುತ್ತಿದ್ದರೆ, ಬಸ್ಸಿನ ಸಂಖ್ಯೆ ಏರದೆ ಪ್ರಯಾಣಿಕರಷ್ಟೇ ಏರಿದರೆ, ಶೂನ್ಯ ಮೊತ್ತದ ಟಿಕೆಟ್ ಹಿಡಿದು ಬಾಗಿಲಲ್ಲಿ ಜೋತುಬೀಳಬೇಕಾಗುತ್ತದೆ.

ಮುಂದಿನ ಗ್ರಾಮಸಭೆಗೆ ಹೋಗುವವರು ಗೃಹಲಕ್ಷ್ಮಿ ಕಂತು ಯಾವಾಗ ಎಂದು ಕೇಳುವುದು ಇದ್ದದ್ದೇ, ಕೇಳಲಿ. ಜೊತೆಗೆ ನಮ್ಮೂರಿಗೆ ದಿನಕ್ಕೆ ಎಷ್ಟು ಸರ್ಕಾರಿ ಬಸ್ಸು, ಶಾಲೆ ಬಿಡುವ ಹೊತ್ತಿಗೆ ಒಂದಾದರೂ ಬರುತ್ತದೆಯೇ, ಬಾರದಿದ್ದರೆ ಸಾರಿಗೆ ನಿಗಮಕ್ಕೆ ಪಂಚಾಯಿತಿ ಠರಾವು ಕಳಿಸಿದೆಯೇ ಎಂದೂ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.